‘ತೊಂದರೆ ಇಲ್ಲ’ ಎಂದು ಬರೆದುಕೊಂಡು ಬಂದ ಊರು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಚನ್ನಗಿರಿಯ ನಮ್ಮ ಮನೆಯಲ್ಲಿ ಕುಕ್ಕರ್ ಇಟ್ಟು ಗೇಟಿನ ತನಕ ಬರುತ್ತೇನೆ, ಸೀಟಿ ಕೇಳಿ ಒಳಗೆ ಓಡುತ್ತೇನೆ, ಮತ್ತೆ ಗೇಟು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಯಜಮಾನರು ಮದುವೆಯಾದ ಹೊಸದರಿಂದ ಹಾಸ್ಯ ಮಾಡುತ್ತಿದ್ದರು. ಆದರೆ ಹೋದ ವರ್ಷ ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ ಅವರು ಹಾಸ್ಯ ಮಾಡುವುದನ್ನೂ ಬಿಟ್ಟರು. ತಟ್ಟೆಯ ಮುಂದಿನಿಂದ ಎದ್ದು ಹೋಗಿ ಪಡಸಾಲೆಯ ಕಿಟಕಿ ಹಾಕಿದೆಯೋ ಇಲ್ಲವೋ ನೋಡಿ ಬರುತ್ತಿದ್ದೆ. ಹಾಕಿಯೇ ಇರುತ್ತಿತ್ತು. ಬಂದು ಎರಡು ತುತ್ತು ತಿಂದು ಮತ್ತೆ ಏಳುತ್ತಿದ್ದೆ.

ನಾನು ಆರೋಗ್ಯ ಇಲಾಖೆಯಲ್ಲಿ ಹಿರಿಯ ಆರೋಗ್ಯ ಸಹಾಯಕಿ. ಬಾಣಂತಿಯರು, ಮಕ್ಕಳ ಚುಚ್ಚುಮದ್ದು, ಬಿಪಿ, ಶುಗರ್ ಎಂದು ಊರೂರು ತಿರುಗುವ ಕೆಲಸ. ಹಳ್ಳಿಗಳಲ್ಲಿ ನಮ್ಮನ್ನು ಅಕ್ಕಾರು ಎನ್ನುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಜಂಬ ಎನ್ನುವುದಿದ್ದರೆ ಅದು ಒಂದೇ ವಿಷಯಕ್ಕೆ: ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಮರದ ಕೆಳಗೆ ಕೂತು ಹತ್ತು ಮನೆಯ ಫಾರಂ ಅಂದಾಜಿನ ಮೇಲೆ ತುಂಬಿ ಮುಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರ ಜೊತೆ ಜಗಳವಾಡಿ ಎಷ್ಟೋ ಜನರ ಬಾಯಿಗೆ ಬಿದ್ದಿದ್ದೇನೆ.

ಈ ಜಂಬ ಗೊತ್ತಿದ್ದೇ ನನ್ನನ್ನು ಆ ಕೆಲಸಕ್ಕೆ ಹಾಕಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಇಷ್ಟು ಕಡೆಗೂ ಸೇರಿ ಸಂಚಾರಿ ಆಸ್ಪತ್ರೆಯ ಒಂದೇ ಒಂದು ಗಾಡಿ ಬರುವುದಿತ್ತು. ಗಾಡಿಯಲ್ಲಿ ಡಾಕ್ಟರು, ನರ್ಸು, ರಕ್ತ ಪರೀಕ್ಷೆ, ಮಾತ್ರೆ, ಗಾಯ ಕಟ್ಟುವ ವ್ಯವಸ್ಥೆ ಎಲ್ಲ ಇರುತ್ತದೆ. ಅದು ಯಾವ ಊರಿಗೆ ಹೋಗಬೇಕು, ಎಷ್ಟು ದಿನಕ್ಕೊಮ್ಮೆ ಹೋಗಬೇಕು ಎನ್ನುವುದನ್ನು ಮೇಲೆ ಕೂತವರು ತೀರ್ಮಾನಿಸಬಾರದು, ಜನರೇ ಹೇಳಬೇಕು ಎಂದಾಗಿತ್ತು. ಮಾತೇನೋ ಚೆನ್ನಾಗಿತ್ತು. ಅದಕ್ಕಾಗಿ ಊರೂರಲ್ಲಿ ಸಭೆ ಮಾಡಿ, ಒಂದೊಂದು ಕಾಯಿಲೆಗೂ ‘ತುಂಬಾ ತೊಂದರೆ’, ‘ಸ್ವಲ್ಪ ತೊಂದರೆ’, ‘ತೊಂದರೆ ಇಲ್ಲ’ ಎಂಬ ಮೂರು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ‘ತುಂಬಾ ತೊಂದರೆ’ಗೆ ಗುರುತು ಹೆಚ್ಚಿದ್ದ ಊರಿಗೆ ಗಾಡಿ. ಈ ಕೆಲಸದ ಮೇಲ್ವಿಚಾರಣೆಗೆ ಬಂದಿದ್ದವರು ಕರಾವಳಿ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತುಂಬಾ ಪ್ರಾಮಾಣಿಕರು. ‘ಜನರ ಬಾಯಿಂದಲೇ ಬರಬೇಕು ಮೇಡಂ, ನಾವು ಮಾತು ಹೇಳಿಕೊಡಬಾರದು’ ಎಂದು ಪ್ರತಿ ಸಭೆಗೆ ಮೊದಲೂ ನೆನಪಿಸುತ್ತಿದ್ದರು. ನನಗೆ ಅದನ್ನು ಹೇಳಿಕೊಡುವುದೇ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಮೊದಲ ಸಭೆ ನನ್ನ ತವರಿನಲ್ಲೇ ಬಿತ್ತು. ತ್ಯಾವಣಿಗೆಯಿಂದ ಸ್ವಲ್ಪ ಒಳಗಿರುವ ಊರು ಅದು. ಅಲ್ಲಿ ನಮ್ಮ ಅಣ್ಣನೇ ಮುಂದಾಳು. ಅಡಿಕೆ ಬೆಳೆದು, ಅಡಿಕೆ ಕೊಂಡು, ಅಡಿಕೆ ಮಾರಿ ದೊಡ್ಡವನಾದವನು. ನಮ್ಮ ಕಡೆ ವ್ಯಾಪಾರಕ್ಕೆ ಕೂತವರು ಯಾರೂ ಮೊದಲ ಮಾತಿನಲ್ಲೇ ನಿಜವಾದ ರೇಟು ಬಿಟ್ಟುಕೊಡುವುದಿಲ್ಲ. ಮೇಲೆ ಹೇಳಬೇಕು, ಅವರು ಇಳಿಸಬೇಕು, ನಡುವೆ ಎಲ್ಲೋ ಕುದುರಬೇಕು. ಈ ಅಭ್ಯಾಸ ಮಂಡಿಯಲ್ಲಿ ಬಿಟ್ಟು ಬರುವಂಥದ್ದಲ್ಲ. ಮಗಳ ಮದುವೆ ಮಾತಿಗೂ ಬರುತ್ತದೆ, ಆಸ್ಪತ್ರೆಗೂ ಬರುತ್ತದೆ.

ಡಾಕ್ಟರಮ್ಮ ‘ನಿಮ್ಮೂರಲ್ಲಿ ಏನೇನು ತೊಂದರೆ ಇದೆ?’ ಎಂದು ಕೇಳಿದ್ದೇ ತಡ, ಅಣ್ಣ ಎದ್ದು ನಿಂತ. ‘ಏನ್ ಇಲ್ಲ ಅಂತ ಕೇಳ್ರಿ ಮೇಡಂ, ಅದು ಹೇಳಾಕೆ ಸುಲಭ ಆಗತೈತೆ. ಶುಗರ್ ಐತೆ, ಬಿಪಿ ಐತೆ, ಮಂಡಿ ನೋವಂತೂ ಮನೆಗಿಬ್ಬರಿಗೆ ಐತೆ.’ ನೆಗಡಿಯಾಗಿದ್ದ ಒಬ್ಬರು ಉಸಿರಾಟದ ತೊಂದರೆ ಬರೆಸಿದರು. ಕನ್ನಡಕದ ಕಡ್ಡಿ ಮುರಿದಿದ್ದ ಇನ್ನೊಬ್ಬರು ಕಣ್ಣೇ ಕಾಣುವುದಿಲ್ಲ ಎಂದರು. ಅವರು ಅಷ್ಟು ದೂರದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಆಗಷ್ಟೇ ಪಕ್ಕದವರಿಗೆ ಓದಿ ಹೇಳಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಆದರೂ ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ‘ತುಂಬಾ ತೊಂದರೆ’ ಎನ್ನುವ ಸಾಲು ಮೇಲಿಂದ ಕೆಳಗೆ ಗುರುತುಗಳಿಂದ ತುಂಬಿಹೋಯಿತು.

ಹೊನ್ನಾಳಿ ಕಡೆ ಗಾಡಿ ಯಾವ ಕೇರಿಯ ಮುಂದೆ ನಿಲ್ಲಬೇಕು ಎಂದು ಜಗಳವಾಯಿತು, ಗಾಡಿ ಬರುತ್ತದೋ ಇಲ್ಲವೋ ಎನ್ನುವುದು ಯಾರಿಗೂ ಚಿಂತೆಯಿರಲಿಲ್ಲ. ನ್ಯಾಮತಿಯಲ್ಲಿ ನಾವು ಹೋಗುವ ಮೊದಲೇ ಟೈಪು ಮಾಡಿಸಿದ ಮನವಿ ಸಿದ್ಧವಾಗಿತ್ತು, ಹೊಸ ತಾಲ್ಲೂಕು ಎಂದು ಎಲ್ಲದರಲ್ಲೂ ನಮ್ಮನ್ನು ಕೊನೆಗೆ ಕೂರಿಸುತ್ತೀರಿ ಎನ್ನುವ ಆಕ್ಷೇಪಣೆಯೊಂದಿಗೆ. ಕೇಳುವುದು ಹೇಗೆ ಎಂದು ಅವರೆಲ್ಲರಿಗೂ ಗೊತ್ತಿತ್ತು. ಒಟ್ಟಿನಲ್ಲಿ ನಾವು ಖಾಲಿ ಫಾರಂ ತೆಗೆದುಕೊಂಡು ವಾಪಸು ಬಂದದ್ದಿಲ್ಲ, ಜಗಳೂರಿಗೆ ಹೋಗುವ ತನಕ.

ಜಗಳೂರಿನಿಂದ ಒಳಗಿದ್ದ ಆ ಊರಿಗೆ ನಾವು ಹೋದಾಗ ಸಮುದಾಯ ಭವನಕ್ಕೆ ಬೀಗ ಇತ್ತು. ಕೀಲಿ ಇಟ್ಟುಕೊಂಡವರು ದಾವಣಗೆರೆಗೆ ಹೋಗಿದ್ದರಂತೆ. ಬಿಸಿಲಿನಲ್ಲಿ ನಿಂತಿದ್ದ ನಮ್ಮನ್ನು ಕಂಡು ಎದುರು ಮನೆಯ ಹೆಂಗಸೊಬ್ಬರು ಕರೆದು ತಮ್ಮ ಜಗುಲಿಯ ಮೇಲೆ ಜಮಖಾನ ಹಾಸಿದರು. ನನ್ನದೇ ವಯಸ್ಸಿರಬಹುದು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅಕ್ಕಪಕ್ಕದವರನ್ನು ಕೂಗಿ ಕರೆದವರೂ ಅವರೇ, ಒಗ್ಗರಣೆ ಮಂಡಕ್ಕಿ ಮಾಡಿ ತಟ್ಟೆಗೆ ಹಾಕಿ ತಂದವರೂ ಅವರೇ. ನಡೆಯುವಾಗ ಬಲಗಾಲಿನ ಹಿಮ್ಮಡಿಯನ್ನಷ್ಟೇ ಊರುತ್ತಿದ್ದರು. ಸೀರೆಯನ್ನು ಬೇಕೆಂದೇ ಇಳಿಸಿ ಉಟ್ಟಿದ್ದರು.

ಟೀ ಬಂತು. ನಮಗೆಲ್ಲ ಸಕ್ಕರೆ ಮುಂದಾದ ಟೀ. ತಮ್ಮ ಲೋಟಕ್ಕೆ ಅವರು ಸಕ್ಕರೆ ಹಾಕದ ಬೇರೆ ಪಾತ್ರೆಯಿಂದ ಬಗ್ಗಿಸಿಕೊಂಡದ್ದನ್ನು ನಾನು ಗಮನಿಸಿದೆ. ಬಗ್ಗಿದಾಗ ಸೀರೆಯ ಅಂಚು ಸರಿದು ಪಾದ ಕಂಡಿತು. ಹಳೆಯ ಪಂಚೆಯ ತುಂಡು ಸುತ್ತಿದ್ದರು, ಅದರ ಮೇಲೆ ಹಳದಿ ಕಲೆ ಇತ್ತು. ನನ್ನ ಮೂಗಿಗೆ ಸಣ್ಣಗೆ ವಾಸನೆಯೂ ಬಡಿಯಿತು. ಇಷ್ಟು ವರ್ಷ ಗಾಯ ತೊಳೆದವಳಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. ಅಂಚು ಸರಿಮಾಡಿಕೊಂಡರು.

ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಜಗುಲಿಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೊನೆಗೆ ಆ ಮನೆಯೊಡತಿಯೇ ಹೇಳಿದರು: ‘ನಮಗೇನ್ ಕಮ್ಮಿ ಆಗೈತ್ರಿ. ದೇವರು ಚೆನ್ನಾಗಿಟ್ಟಾನೆ. ನೀವು ಇಷ್ಟು ದೂರ ಬಂದ್ರಲ್ಲ, ಅದೇ ದೊಡ್ಡದು. ತಗಳ್ರಿ, ಇನ್ನೊಂಚೂರು ಮಂಡಕ್ಕಿ ಹಾಕಿಸ್ಕೊಳ್ರಿ.’

‘ಕಾಲಿಗೆ ಏನಾಗಿದೆ?’ ಎಂದು ನಾನು ಕೇಳಿದೆ. ಇದನ್ನು ಬರೆಯುವಾಗ ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಆ ಒಂದು ಪ್ರಶ್ನೆ ಮಾತ್ರ.

‘ಮುಳ್ಳು ಚುಚ್ಚೈತ್ರಿ ಅಕ್ಕಾರೆ. ಆಗ್ಲೇ ಮಾಯಾಕತ್ತೈತೆ’ ಎಂದರು.

ಮನೆಗೆ ಬಂದವರ ಎದುರು ಕಷ್ಟ ಬಿಚ್ಚಿಡುವುದು ಮರ್ಯಾದೆಯಲ್ಲ ಎಂದು ನನಗೆ ಗೊತ್ತಿಲ್ಲವೇ? ನಮ್ಮಜ್ಜಿ ಹಿಟ್ಟಿನ ಡಬ್ಬ ಬರಿದಾಗಿದ್ದ ದಿನವೂ ಬಂದವರಿಗೆ ಊಟ ಮಾಡೇ ಹೋಗಬೇಕು ಎಂದು ಹಟ ಹಿಡಿಯುತ್ತಿದ್ದವಳು. ಅಂಥ ಮನೆಯಲ್ಲಿ ಬೆಳೆದ ನಾನು, ಜಗುಲಿಯ ಮೇಲೆ ಅವರದೇ ಮಂಡಕ್ಕಿ ತಿನ್ನುತ್ತಾ, ಶುಗರ್ ಎನ್ನುವ ಸಾಲಿಗೆ ‘ತೊಂದರೆ ಇಲ್ಲ’ ಎಂದು ಗುರುತು ಹಾಕಿದೆ. ಗಾಯ, ಹುಣ್ಣು ಎನ್ನುವ ಸಾಲಿಗೂ ಹಾಕಿದೆ. ಹೇಳಿದ್ದನ್ನು ಹೇಳಿದ ಹಾಗೆ. ಆಮೇಲೆ ಇನ್ನೊಂದು ಊರಿಗೆ ಹೊತ್ತಾಗುತ್ತಿತ್ತು, ಜೀಪಿನವನು ಹಾರನ್ ಮಾಡುತ್ತಿದ್ದ. ‘ಒಂದ್ಸಲ ಜಗಳೂರು ಆಸ್ಪತ್ರೆಗೆ ತೋರಿಸಿ’ ಎಂದು ಮೆಟ್ಟಿಲಿಳಿಯುತ್ತಾ ಹೇಳಿ ಕೈ ತೊಳೆದುಕೊಂಡೆ. ಜೀಪಿನಲ್ಲಿ ಡಾಕ್ಟರಮ್ಮ, ‘ಎಷ್ಟು ಆರೋಗ್ಯವಂತ ಊರು, ಅಲ್ವಾ ಮೇಡಂ’ ಎಂದರು. ನಾನು ಹೂಂ ಅಂದೆ.

ಗಣಪತಿ ಹಬ್ಬ ಮುಗಿದು ಪಟ್ಟಿ ಬಂತು. ಹೆಚ್ಚಿನ ಊರುಗಳಿಗೆ ಹದಿನೈದು ದಿನಕ್ಕೊಮ್ಮೆ ಗಾಡಿ. ನನ್ನ ತವರಿಗೆ ಪ್ರತಿ ಗುರುವಾರ. ಜಗಳೂರಿನ ಆ ಊರಿನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಮೇಲಿಂದ ಕೆಳಗೆ ಮೂರು ಸಲ ನೋಡಿದೆ. ಅಷ್ಟರಲ್ಲಿ ಅಣ್ಣನ ಫೋನು: ‘ನೋಡ್ದ್ಯಾ ತಂಗಿ, ಹೆಂಗೆ ಹೊಡದ್ವಿ!’ ಅಂದ. ನಾನು ಫೋನಿಟ್ಟೆ.

ಕಿಟಕಿ ನೋಡುವ ಹುಚ್ಚು ಶುರುವಾದದ್ದು ಅವತ್ತಿನಿಂದ. ಕೂತರೆ ಆ ಪಂಚೆಯ ತುಂಡು ಕಣ್ಣ ಮುಂದೆ ಬರುತ್ತಿತ್ತು. ಆ ಊರಿನ ಆಶಾ ಕಾರ್ಯಕರ್ತೆಯ ನಂಬರು ಹುಡುಕಿ ಫೋನು ಮಾಡಿದೆ. ‘ನಾನೂ ಹೇಳೀನ್ರಿ ಅಕ್ಕಾರೆ. ಶೇಂಗಾ ಕೀಳೋದು ಮುಗೀಲಿ, ಆಮೇಲೆ ಹೋಗ್ತೀನಿ ಅಂತಾರೆ’ ಎಂದಳು ಆಕೆ. ಒಂದು ವಾರ ಬಿಟ್ಟು ಮತ್ತೆ ಮಾಡಿದೆ. ಅದೇ ಉತ್ತರ. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ಜೀವಕ್ಕಿಂತ ಶೇಂಗಾ ಹೆಚ್ಚೇ ಎಂದು ಬೈದುಕೊಂಡೆ. ಹಾಗೆ ಬೈದುಕೊಂಡರೆ ಒಂದು ಗಳಿಗೆ ಮನಸ್ಸು ಹಗುರವಾಗುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ಆ ಊರನ್ನು ಸೇರಿಸಿ ಎಂದೆ. ಅವರು ಫೈಲು ತೆಗೆದು ನನ್ನ ಮುಂದೆಯೇ ಫಾರಂ ಇಟ್ಟರು. ಅಚ್ಚುಕಟ್ಟಾದ ನನ್ನ ಅಕ್ಷರ, ಕೆಳಗೆ ನನ್ನ ಸಹಿ.

‘ಇದು ಸುಳ್ಳಾ ಮೇಡಂ?’ ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಸುಳ್ಳಲ್ಲ, ಅವರು ಹಾಗೇ ಹೇಳಿದರು, ಆದರೆ ಅದು ನಿಜವಲ್ಲ ಎಂದೆ. ಜಗಳೂರಿನವರು ಬಂದವರ ಮುಂದೆ ಇಳಿಸಿ ಹೇಳುತ್ತಾರೆ, ನಮ್ಮವರು ಏರಿಸಿ ಹೇಳುತ್ತಾರೆ, ಎರಡನ್ನೂ ಒಂದೇ ಫಾರಂನಲ್ಲಿ ಕೂಡಿಸಿದರೆ ನ್ಯಾಯ ಎಲ್ಲಿಂದ ಬರಬೇಕು ಎಂದು ಏನೇನೋ ಒದರಿದೆ. ನನ್ನ ದನಿ ಏರಿದ್ದು ಹೊರಗಿನ ಬೆಂಚಿನವರಿಗೂ ಕೇಳಿರಬೇಕು. ಅವರು ತಾಳ್ಮೆಯಿಂದ ಕೇಳಿದರು. ಪಟ್ಟಿ ತಿದ್ದುವ ಅಧಿಕಾರ ತಮಗಿಲ್ಲ, ಆದರೆ ಗಾಡಿ ಸಿಕ್ಕ ಊರಿನವರೇ ತಮ್ಮ ದಿನವನ್ನು ಇನ್ನೊಂದು ಊರಿಗೆ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಟ್ಟರೆ ಬದಲಾಯಿಸಬಹುದು ಎಂದರು. ಯಾವ ಊರಿಗೆ ಹೋಗಿ ಕೇಳಬೇಕು ಎಂದು ನಾನು ಯೋಚಿಸಬೇಕಾಗಿರಲಿಲ್ಲ.

ಆಗ ಅಡಿಕೆ ಕೊಯ್ಲು ಶುರುವಾಗಿತ್ತು. ತವರಿನ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಊರಿನ ನಾಲ್ಕು ಜನ ಹಿರಿಯರನ್ನೂ ಅಣ್ಣ ಅಲ್ಲಿಗೇ ಕರೆಸಿದ್ದ, ತಂಗಿ ಏನೋ ಒಳ್ಳೆಯ ಸುದ್ದಿ ತಂದಿದ್ದಾಳೆ ಎಂದುಕೊಂಡು. ಒಂದು ಗುರುವಾರ ಬಿಟ್ಟು ಒಂದು ಗುರುವಾರ ಜಗಳೂರಿನ ಊರಿಗೆ ಬಿಟ್ಟುಕೊಡಿ ಎಂದೆ. ಅಣ್ಣನ ಮುಖ ಕೆಂಪೇರಿತು.

‘ಕೇಳಿದೋರಿಗೆ ಕೊಟ್ಟಾರೆ. ಅವರು ಬ್ಯಾಡ ಅಂದ್ರೆ ನಾವೇನ್ ಮಾಡಾಕಾಗತೈತೆ? ನಾವೇನ್ ಕದ್ದೀವಾ?’

‘ಕದ್ದಿಲ್ಲ. ನೆಗಡೀನ ದಮ್ಮು ಅಂತ ಬರೆಸಿದ್ದೀರಿ.’

‘ಬರಕೊಂಡೋಳು ನೀನೇ ಅಲ್ವೇನವ್ವ!’

ಬರೆದುಕೊಂಡವಳು ನಾನೇ. ಆದರೂ ಬಿಡಲಿಲ್ಲ. ಆ ಹೆಂಗಸಿನ ಕಾಲಿನ ವಿಷಯ ಹೇಳಿದೆ, ವಾಸನೆಯ ವಿಷಯ ಹೇಳಿದೆ, ಟೀ ಬೇರೆ ಪಾತ್ರೆಯಿಂದ ಬಗ್ಗಿಸಿಕೊಂಡದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಣ್ಣನ ಎದುರು ಅಳುವುದೆಂದರೆ ನನಗೆ ನಾಚಿಕೆ, ಹಾಗಾಗಿ ಎದ್ದು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗಾಡಿದೆ. ಹಿರಿಯರು ನೆಲ ನೋಡುತ್ತಾ ಕೂತರು. ಒಬ್ಬರು, ತವರಿನ ಮಗಳು ತವರಿಗೆ ತರೋದು ಬಿಟ್ಟು ತಗೊಂಡು ಹೋಗಾಕೆ ಬಂದಾಳೆ ಎಂದು ಗೊಣಗಿದರು. ಅದು ನನ್ನನ್ನು ತಾಗಿತು.

ಆಗ ಅಡಿಕೆ ಸುಲಿಯುತ್ತಿದ್ದ ಅತ್ತಿಗೆ ತಲೆ ಎತ್ತದೆ ಮಾತಾಡಿದಳು. ‘ಗಾಡಿ ಬಂದು ನಿಂತಿರತೈತಲ್ಲ, ಯಾರ್ ಹೋಗ್ತಾರ್ರೀ ಅಲ್ಲಿಗೆ? ಮೊದಲ ವಾರ ಊರಿಗೂರೇ ಹೋತು, ಮಾತ್ರೆ ತಂತು. ಹೋದ ಗುರುವಾರ ನಾನು ಮೂರು ಸಲ ಬಿಪಿ ನೋಡಿಸ್ಕಂಡು ಬಂದೀನಿ, ಹೊತ್ತು ಹೋಗ್ಲಿಲ್ಲ ಅಂತ. ಆ ನರ್ಸಮ್ಮ ಪಾಪ, ಆಕಳಿಸ್ಕೊಂಡು ಕುಂತಿತ್ತು.’

ಸುಲಿಯುತ್ತಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಅಣ್ಣ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆದರೆ ನಗು ಒಂದು ಸಲ ಎದ್ದಮೇಲೆ ಸಿಟ್ಟು ಹಿಡಿದು ಕೂರುವುದು ಕಷ್ಟ. ಅಣ್ಣ, ಒಂದು ವಾರ ನಮಗೆ, ಒಂದು ವಾರ ಅವರಿಗೆ, ಆದರೆ ಮಳೆಗಾಲದಲ್ಲಿ ಜ್ವರ ಹೆಚ್ಚಾದರೆ ಗಾಡಿ ಪ್ರತಿ ವಾರ ನಮ್ಮೂರಿಗೇ ಬರಬೇಕು ಎಂದು ಚೌಕಾಸಿಗಿಳಿದ. ಬಿಟ್ಟುಕೊಡುವಾಗಲೂ ವ್ಯಾಪಾರ ಮಾಡದಿದ್ದರೆ ಅವನು ನನ್ನ ಅಣ್ಣನೇ ಅಲ್ಲ. ನಾಲ್ಕು ಹಿರಿಯರೂ ಸಹಿ ಮಾಡಿದರು. ತವರಿಗೆ ತರುವ ಬಗ್ಗೆ ಗೊಣಗಿದ್ದವರು ಎಲ್ಲರಿಗಿಂತ ದೊಡ್ಡದಾಗಿ ಮಾಡಿದರು. ನನ್ನ ಊರಿನ ಬಗ್ಗೆ ನನಗೆ ಅವತ್ತು ಹೆಮ್ಮೆಯಾಯಿತು, ಅದನ್ನೂ ಹೇಳಬೇಕು.

ಆ ಕಾಗದ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ದಸರಾ ಬಂತು, ರಜೆ ಬಂತು, ದೀಪಾವಳಿಯೂ ಮುಗಿಯಿತು. ನಾನು ದಿನ ಬಿಟ್ಟು ದಿನ ಹೋಗಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ನನ್ನನ್ನು ಕಂಡರೆ ಗುಮಾಸ್ತರು ಟೀಗೆ ಎದ್ದು ಹೋಗುತ್ತಿದ್ದರು. ಆಶಾಗೆ ಮತ್ತೆ ಫೋನು ಮಾಡಲು ಮಾತ್ರ ಧೈರ್ಯವಾಗಲಿಲ್ಲ. ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ.

ಕೊನೆಗೊಂದು ಗುರುವಾರ ಗಾಡಿ ಜಗಳೂರಿನ ಆ ಊರಿಗೆ ಹೋಯಿತು. ನನ್ನ ಕೆಲಸವಲ್ಲದಿದ್ದರೂ ರಜೆ ಹಾಕಿ ಜೊತೆಗೆ ಹೋದೆ. ಸಮುದಾಯ ಭವನದ ಮುಂದೆ ಗಾಡಿ ನಿಂತದ್ದೇ ತಡ ಜನ ಬಂದರು, ‘ನಮಗೇನ್ ಕಮ್ಮಿ’ ಎಂದಿದ್ದ ಜಗುಲಿಯ ಮುಖಗಳೇ. ಒಬ್ಬರ ಶುಗರ್ ನೋಡಿ ಡಾಕ್ಟರು ಕಾರ್ಡಿನಿಂದ ತಲೆ ಎತ್ತಿದರು, ಇನ್ನೊಬ್ಬರನ್ನು ಅಲ್ಲೇ ಮಲಗಿಸಿದರು. ನಾನು ಸಾಲನ್ನು ಹಿಂದಿನಿಂದ ಮುಂದಕ್ಕೆ ನೋಡಿದೆ. ಆ ಹೆಂಗಸು ಸಾಲಿನಲ್ಲಿರಲಿಲ್ಲ. ಎದುರು ಮನೆಯ ಬಾಗಿಲು ತೆಗೆದಿತ್ತು.

ಒಳಗೆ ಮಂಚದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ‘ಬರ್ರಿ ಅಕ್ಕಾರೆ, ಬರ್ರಿ. ಎದ್ದು ಬರಾಕೆ ಆಗ್ಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ’ ಎಂದರು. ಬಲಗಾಲಿಗೆ ಬಿಳಿ ಬ್ಯಾಂಡೇಜು ಇತ್ತು. ಪಾದ ಮುಂದಕ್ಕೆ ಎಷ್ಟಿರಬೇಕೋ ಅಷ್ಟಿರಲಿಲ್ಲ.

‘ಮೂರು ಬೆರಳು ತೆಗೆದ್ರು ರೀ’ ಎಂದರು. ‘ಜ್ವರ ಬಂದು ಎಚ್ಚರ ತಪ್ಪಿತ್ತಂತೆ. ಮಗ ಕಾರ್ ಮಾಡ್ಕಂಡು ದಾವಣಗೆರೆಗೆ ಒಯ್ದ. ದೀಪಾವಳಿ ಹಬ್ಬದ ಹಿಂದಿನ ವಾರ.’

ನಾನು ಮಂಚದ ಪಕ್ಕ ನಿಂತೇ ಇದ್ದೆ. ‘ತಪ್ಪು ನಂದು’ ಎಂದೆ. ‘ಅವತ್ತು ನೀವು ಏನೂ ತೊಂದರೆ ಇಲ್ಲ ಅಂದ್ರಿ, ನಾನು ಹಾಗೇ ಬರೆದುಕೊಂಡೆ.’

ಅವರ ಕೈ ಶೇಂಗಾದ ಮೇಲೆ ನಿಂತಿತು. ‘ಹಂಗೇ ಬರಕಂಡ್ರಾ?’ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ‘ನಾನು ಅಂದಿದ್ದು ಖರೆ ರೀ. ಮನೆಗೆ ಬಂದೋರ ಮುಂದೆ ಹೆಂಗೆ ಹೇಳಾಕಾಗತೈತೆ? ಆದ್ರೆ ನೀವು ಕಾಲು ನೋಡಿದ್ರಲ್ಲ ಅಕ್ಕಾರೆ. ನೋಡಿದ್ದು ನನಗೆ ಗೊತ್ತಾತು. ನೋಡ್ಯಾರೆ, ತಿಳಿದೋರು, ಬರಕಂಡಿರ್ತಾರೆ, ಗಾಡಿ ಬರತೈತೆ ಅಂತ ಧೈರ್ಯ ಬಂತು. ಅದಕ್ಕೇ ಕಾದೆ.’

‘ಶೇಂಗಾ ಕೀಳೋದು ಮುಗೀಲಿ ಅಂದಿದ್ರಂತಲ್ಲ’ ಎಂದೆ.

‘ಅಯ್ಯ, ಅದು ಆಶಾಗೆ ಅಂದ ಮಾತು. ಗಾಡಿ ಇನ್ನೂ ಬಂದಿಲ್ಲ ಅಂದ್ರೆ ನಿಮ್ಮ ಮ್ಯಾಲೆ ದೂರು ಹೇಳಿದಂಗೆ ಆಗ್ತಿತ್ತು.’

ಅವರು ಸೊಸೆಯನ್ನು ಕರೆದು ನನಗೆ ಟೀ ಮಾಡಲು ಹೇಳಿದರು. ನಾನು ಬೇಡ ಎನ್ನಲಿಲ್ಲ. ‘ಇನ್ನೊಂದು ಕಾಲು ತೋರಿಸಿ’ ಎಂದೆ.

‘ಅದಕ್ಕೇನೂ ಆಗಿಲ್ರಿ’ ಎಂದು ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ನಾನು ನೆಲಕ್ಕೆ ಕೂತೆ. ಅವರನ್ನು ಇನ್ನೊಂದು ಮಾತು ಕೇಳದೆ ಸೀರೆಯ ಅಂಚನ್ನು ನಾನೇ ಸರಿಸಿ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಮ್ಮಡಿಯಲ್ಲಿ ಉದ್ದಕ್ಕೆ ಒಂದು ಬಿರುಕು ಇತ್ತು, ಒಳಗೆ ಕೆಂಪಗಿತ್ತು. ಹೊರಗೆ ಗಾಡಿಯ ಹತ್ತಿರವಿದ್ದ ಡಾಕ್ಟರನ್ನು ಇಲ್ಲಿಗೇ ಬನ್ನಿ ಎಂದು ಕೂತಲ್ಲಿಂದಲೇ ಕೂಗಿದೆ.